ಎಳೆಯರ ಚಿತ್ರಪುಸ್ತಕಗಳಲ್ಲಿ ಸ್ನೇಹದ ಬೋಧನೆ

ಸ್ನೇಹವೆಂದರೇನೆಂಬುದನ್ನು ಎಳೆಯ ಮಕ್ಕಳಿಗೆ ಮಾತಿನಿಂದ ವಿವರಿಸುವುದು ಕಷ್ಟ. ಚಿತ್ರದಿಂದ ತೋರಿಸುವುದು ಸುಲಭ. ಇದನ್ನು ಮನಗಾಣಲು ನಾವು ದೂರ ಹೋಗಬೇಕಾಗಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಜೈನಮಠದಲ್ಲಿ ಷಡ್‌ಲೇಶ್ಯೆಗಳ ಭಿತ್ತಿಚಿತ್ರವೊಂದುಂಟು: ಒಂದು ಮರ, ಆರು ಮಂದಿ. ಆ ದೃಷ್ಟಾಂತದಲ್ಲಿ ಹಣ್ಣಿನ ಆಸೆ ಎಲ್ಲರಿಗೂ ಒಂದೇ. ಆದರೆ ಒಬ್ಬನು ಮರವನ್ನೇ ಬುಡಸಹಿತ ಕೆಡಹಬಯಸುತ್ತಾನೆ. ಇನ್ನೊಬ್ಬನಿಗೆ ಕೊಂಬೆ ಸಾಕು, ಮತ್ತೊಬ್ಬನಿಗೆ ಗೊಂಚಲು. ಕಡೆಯವನು ನೆಲಕ್ಕೆ ಬಿದ್ದ ಹಣ್ಣಿನಿಂದಲೇ ತೃಪ್ತನು. ಗುಣವನ್ನು ಹೆಸರಿಸದೆ ಕೃತ್ಯದಲ್ಲಿ ತೋರಿಸಿರುವುದರಿಂದ ಅಕ್ಷರವರಿಯದವನಿಗೂ ಅದು ತಿಳಿಯುತ್ತದೆ.

ಸ್ನೇಹದ ಕಥೆ ನಮ್ಮ ಸಾಹಿತ್ಯಕ್ಕೆ ಹೊಸದಲ್ಲ. ದುರ್ಗಸಿಂಹನು 1031ರಲ್ಲಿ ರಚಿಸಿದ ಪಂಚತಂತ್ರವು ‘ಭೇದ’ದಿಂದ ತೊಡಗಿ ‘ಮಿತ್ರಕಾರ್ಯ’ದಲ್ಲಿ ಮುಗಿಯುತ್ತದೆ. ಆದರೆ ಅದು ನೀತಿಯನ್ನು ಬೋಧಿಸುವ ಚಂಪೂಗ್ರಂಥ. ಶಿಶುವಿನ ಕೈಗೆ ಎಟುಕುವಂಥದಲ್ಲ. ಆ ಕೊರತೆಯನ್ನು ನೀಗಿಸುವ ಸಂಸ್ಥೆಗಳು ಬಹಳ ತಡವಾಗಿ ಹುಟ್ಟಿದುವು: ದೆಹಲಿಯಲ್ಲಿ ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಹಾಗೂ ನ್ಯಾಷನಲ್ ಬುಕ್ ಟ್ರಸ್ಟ್ 1957ರಲ್ಲಿ, ಬೆಂಗಳೂರಿನಲ್ಲಿ ಪ್ರಥಮ್ ಬುಕ್ಸ್ 2004ರಲ್ಲಿ.

ಚಿತ್ರಪುಸ್ತಕದ ಶಕ್ತಿಯೆಲ್ಲ ಪುಟ ಮಗುಚುವುದರಲ್ಲಿದೆ. ಒಂದು ಪುಟದಲ್ಲಿ ಇಬ್ಬರು ಹುಡುಗಿಯರು ಬೆನ್ನು ತಿರುಗಿಸಿ ಕುಳಿತಿದ್ದಾರೆ. ಮುಂದಿನದರಲ್ಲಿ ಒಬ್ಬಳು ಕಡಲೆಕಾಯಿ ಹಿಡಿದ ಕೈಯನ್ನು ಚಾಚಿದ್ದಾಳೆ ಎನ್ನೋಣ. ನಡುವೆ ನಡೆದುದನ್ನು ಮಗುವೇ ಊಹಿಸಬೇಕು. ಆ ಊಹೆಯೇ ಇನ್ನೊಬ್ಬರ ಮನಸ್ಸನ್ನು ಅರಿಯುವ ಮೊದಲ ಅಭ್ಯಾಸ.

ಹಾಸನ, ಹೊಳೆನರಸೀಪುರ, ಅರಕಲಗೂಡುಗಳ ಅಂಗನವಾಡಿಗೆ ಬರುವ ಮಗುವಿಗೆ ‘ಮೈತ್ರಿ’ ಎಂಬ ಪದ ಅಪರಿಚಿತವಾಗಿರಬಹುದು; ‘ಟೂ ಬಿಡುವುದು’ ಅಪರಿಚಿತವಲ್ಲ. ಒಡೆಯದ ಸ್ನೇಹವನ್ನಷ್ಟೇ ಚಿತ್ರಿಸಿ, ಕೊನೆಯಲ್ಲಿ ನೀತಿವಾಕ್ಯವನ್ನು ಅಚ್ಚುಹಾಕುವ ಪುಸ್ತಕವು ಈ ಅನುಭವವನ್ನು ಬಿಟ್ಟುಬಿಡುತ್ತದೆ. ಆಟದಿಂದ ಹೊರಗುಳಿದು ಮೂಲೆಯಲ್ಲಿ ನಿಂತ ಮಗುವಿಗೆ ಅದರಲ್ಲಿ ತನ್ನ ಮುಖ ಕಾಣಿಸುವುದಿಲ್ಲ. ಜಗಳವನ್ನೂ ಮುನಿಸನ್ನೂ ಮರಳಿ ಮಾತಿಗೆ ಬರುವುದನ್ನೂ ತೋರಿಸುವ ಪುಸ್ತಕವೇ ಅದಕ್ಕೆ ಉಪಯುಕ್ತ.

ಆದುದರಿಂದ ಶಿಕ್ಷಕಿಯರಲ್ಲಿ ನಮ್ಮ ಸೂಚನೆ ಇಷ್ಟೆ. ಒಂದು ಪುಸ್ತಕವನ್ನು ಇಬ್ಬರು ಮೂವರು ಮಕ್ಕಳ ನಡುವೆ ಇಡಿರಿ. ನೀತಿಯನ್ನು ಹೇಳಬೇಡಿರಿ, “ಇವಳು ಯಾಕೆ ಮುಖ ತಿರುಗಿಸಿದಳು?” ಎಂದು ಕೇಳಿರಿ. ಉತ್ತರವು ಮನೆಮಾತಿನಲ್ಲಿ ಬಂದರೆ ತಿದ್ದಬೇಡಿರಿ. ಪುಟ ಮಗುಚುವ ಸರದಿಗಾಗಿ ಮಕ್ಕಳು ಕಾಯುವರಷ್ಟೆ. ಸ್ನೇಹದ ಪಾಠ ಅಲ್ಲಿಯೇ ಆರಂಭವಾಗಿರುತ್ತದೆ.