ಓದು ಬಾರದ ದೆವ್ವ

(ಅಂತಿಮ ಬಿ.ಎ. ವರ್ಗದ ಸಾಂಬ್ರಾಣಿಯ ವಿದ್ಯಾರ್ಥಿನಿಯೊಬ್ಬಳಿಂದ)

ಆಟವೆಂದೊಡನೆ ನಮ್ಮ ಕಣ್ಣ ಮುಂದೆ ಕಬಡ್ಡಿಯ ಅಂಗಳವೋ ಕ್ರಿಕೆಟ್ಟಿನ ಬಯಲೋ ಬಂದು ನಿಲ್ಲುತ್ತದೆ. ಇಲ್ಲವೆ ಮೊಬೈಲಿನ ಗಾಜಿನ ಮೇಲೆ ಗುಂಡು ಹಾರಿಸುವ ಬಣ್ಣದ ಗೊಂಬೆಗಳು. ನಾನು ಹೇಳಹೊರಟ ಆಟ ಇವೆರಡೂ ಅಲ್ಲ. ಇದರಲ್ಲಿ ಚಿತ್ರವಿಲ್ಲ, ಸದ್ದಿಲ್ಲ, ಇರುವುದೆಲ್ಲ ಅಕ್ಷರ. "ನೀನು ಕತ್ತಲ ಮನೆಯ ಮುಂದೆ ನಿಂತಿದ್ದೀಯೆ. ಕೈಯಲ್ಲಿ ಕಂದೀಲಿದೆ" ಎಂದು ಯಂತ್ರ ಬರೆದು ತೋರಿಸುತ್ತದೆ. ಮುಂದೇನು ಮಾಡಬೇಕೆಂಬುದನ್ನು ಆಡುವವರು ಹೇಳಬೇಕು. ಹೇಳಿದ್ದಕ್ಕೆ ತಕ್ಕಂತೆ ಕಥೆ ನಡೆಯುತ್ತದೆ. ನಡುನಡುವೆ ಒಗಟುಗಳು ಬರುತ್ತವೆ. ಬಿಡಿಸಿದರೆ ದಾರಿ, ಬಿಡಿಸದಿದ್ದರೆ ಕತ್ತಲು. ಇಂಥದೊಂದು ದೆವ್ವದ ಆಟವನ್ನು ನಾನು ಕನ್ನಡದಲ್ಲಿ ಕಟ್ಟಿದೆ. ಕಟ್ಟುವಾಗ ಕಲಿತದ್ದು ಸ್ವಲ್ಪ. ಅದನ್ನು ಇತರರ ಕೈಯಲ್ಲಿ ಆಡಿಸಿ ನೋಡಿದಾಗ ಕಲಿತದ್ದೇ ಬಹಳ. ಆ ಅನುಭವವನ್ನು ಗುರುಹಿರಿಯರ ಹಾಗೂ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಇಂಥ ಆಟಗಳ ಹುಟ್ಟನ್ನು ನೋಡೋಣ. ಅಮೆರಿಕದ ವಿಲ್ ಕ್ರೌದರ್ ಎಂಬಾತ ಗಣಕಯಂತ್ರದ ಕೆಲಸಗಾರ. ಬಿಡುವಿನಲ್ಲಿ ಗುಹೆಗಳನ್ನು ಹೊಕ್ಕು ಅಳತೆ ಮಾಡುವ ಹವ್ಯಾಸದವನು. ಕೆಂಟಕಿಯ ಮ್ಯಾಮತ್ ಗುಹೆಯಲ್ಲಿ ತಾನು ತೆವಳಿ ನಡೆದ ದಾರಿಗಳನ್ನೇ ಮಾತಿನಲ್ಲಿ ಕಟ್ಟಿ, 1975-76ರ ಸುಮಾರಿಗೆ ತನ್ನ ಎಳೆಯ ಹೆಣ್ಣುಮಕ್ಕಳಿಗೆಂದು ಒಂದು ಆಟ ಮಾಡಿದನು. 1977ರಲ್ಲಿ ಡಾನ್ ವುಡ್ಸ್ ಎಂಬಾತ ಅದನ್ನು ಬೆಳೆಸಿದನು. ಅದೇ 'ಕಲೋಸಲ್ ಕೇವ್ ಅಡ್ವೆಂಚರ್'. ದಾಂಡೇಲಿಯ ಕಾಡಿನ ಕವಳಾ ಗುಹೆಯಲ್ಲಿ ಬೆಳಕು ಹಿಡಿದು, ಬೆನ್ನು ಬಗ್ಗಿಸಿ, ಕಲ್ಲಿನ ಲಿಂಗದ ದರ್ಶನಕ್ಕೆ ಇಳಿದವರಿಗೆ ಈ ಆಟದ ರುಚಿಯನ್ನು ಬೇರೆ ವಿವರಿಸಬೇಕಾಗಿಲ್ಲ. ಮುಂದಿನ ಹೆಜ್ಜೆ ಕಾಣದಿರುವುದೇ ಅಲ್ಲಿಯ ಭಯ, ಅದೇ ಅಲ್ಲಿಯ ಸಂತೋಷ.

1977ರಲ್ಲಿಯೇ ಎಂ.ಐ.ಟಿ. ಎಂಬ ವಿದ್ಯಾಸಂಸ್ಥೆಯ ನಾಲ್ವರು ತರುಣರು 'ಝಾರ್ಕ್' ಎಂಬ ಆಟವನ್ನು ಆರಂಭಿಸಿದರು. ಅದರಲ್ಲಿ ದೀಪವಿಲ್ಲದೆ ಕತ್ತಲಲ್ಲಿ ಅಲೆದವರು ತಳವಿಲ್ಲದ ಕಂದಕಕ್ಕೆ ಬೀಳುತ್ತಿದ್ದರು. ಆಡಿದವರಲ್ಲಿ ಕೆಲವರು, ಮನೆಯ ಅಟ್ಟದ ಮೇಲೂ ಕಂದಕವಿರುವುದುಂಟೇ ಎಂದು ಆಕ್ಷೇಪಿಸಿದರು. ಕಂದಕ ಹೋಯಿತು. ಅದರ ಬದಲು, ಕತ್ತಲಲ್ಲಿ ಮಾತ್ರ ಇದ್ದು ಕಣ್ಣಿಗೆ ಎಂದೂ ಬೀಳದ 'ಗ್ರೂ' ಎಂಬ ಪ್ರಾಣಿ ಬಂತು. ಈ ಬಗೆಯ ಆಟಗಳ ಅತ್ಯಂತ ಹೆಸರುವಾಸಿಯಾದ ಭೂತ ಹುಟ್ಟಿದ್ದು ಹೀಗೆ, ಆಡಿದವರು ಹಿಡಿದ ಒಂದು ತಪ್ಪಿನಿಂದ.

ಇದೆಲ್ಲ ಪರದೇಶದ್ದಾಯಿತು, ನಮ್ಮಲ್ಲಿ ಏನೂ ಇರಲಿಲ್ಲವೇ ಎಂದು ಕೇಳಬಹುದು. ಹನ್ನೊಂದನೆಯ ಶತಮಾನದಲ್ಲಿ ಸೋಮದೇವನು ಬರೆದ ಕಥಾಸರಿತ್ಸಾಗರದಲ್ಲಿ ಬೇತಾಳನ ಇಪ್ಪತ್ತೈದು ಕಥೆಗಳಿವೆ. 'ಚಂದಮಾಮ' ಓದಿ ಬೆಳೆದ ಹಿರಿಯರಿಗೆ ಅವು ಬಾಯಿಪಾಠ. ಸ್ಮಶಾನ, ಕತ್ತಲು, ಹೆಗಲ ಮೇಲೆ ಹೆಣ. ಹೆಣದ ಬಾಯಲ್ಲಿ ಒಗಟು. ಉತ್ತರ ತಿಳಿದೂ ಸುಮ್ಮನಿದ್ದರೆ ತಲೆ ಸಿಡಿಯುತ್ತದೆ. ಬಾಯಿ ಬಿಟ್ಟರೆ ಬೇತಾಳ ಮರಕ್ಕೆ ಹಾರುತ್ತಾನೆ, ಅರಸ ಮತ್ತೆ ಮೊದಲಿನಿಂದ ನಡೆಯಬೇಕು. ಹೆದರಿಕೆ, ಒಗಟು, ನಿಯಮ, ಸೋಲು, ಮರುಪ್ರಯತ್ನ ಈ ಐದೂ ಅಲ್ಲಿವೆ. ಇಲ್ಲದಿದ್ದುದು ಯಂತ್ರ ಮಾತ್ರ.

ಇನ್ನು ನನ್ನ ಆಟದ ಮಾತು. ನಮ್ಮೂರು ಸಾಂಬ್ರಾಣಿ, ಹಳಿಯಾಳ ತಾಲೂಕಿನದು. ಹೆಸರು ಕೇಳಿದವರಿಗೆ ಧೂಪದ ನೆನಪಾಗುತ್ತದೆ. ದೆವ್ವ ಓಡಿಸುವ ಹೊಗೆಯ ಊರಿನಿಂದಲೇ ದೆವ್ವದ ಆಟ ಹೊರಟಿತೆಂದು ಗೆಳತಿಯರು ನಗೆಯಾಡುತ್ತಾರೆ. ಆಟಕ್ಕೆ 'ನಾಳೆ ಬಾ' ಎಂದು ಹೆಸರಿಟ್ಟೆ. 1990ರ ದಶಕದಲ್ಲಿ ಕರ್ನಾಟಕದ ಅನೇಕ ಊರುಗಳಲ್ಲಿ, ರಾತ್ರಿ ಒಂದು ಹೆಣ್ಣುದೆವ್ವ ಮನೆಯವರ ದನಿಯಲ್ಲಿ ಕರೆದು ಬಾಗಿಲು ಬಡಿಯುತ್ತದೆಂಬ ಗಾಳಿಸುದ್ದಿ ಹಬ್ಬಿತ್ತು. ಜನರು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದರು. ದೆವ್ವ ಓದಿ ಹಿಂದಿರುಗುವುದು. ಮರುದಿನ ಬಂದರೆ ಮತ್ತೆ ಅದೇ ಬರಹ. ನನ್ನ ಆಟದಲ್ಲಿ ಆಡುವವರು ಅಮಾವಾಸ್ಯೆಯ ರಾತ್ರಿ ಕಡೆಯ ಬಸ್ಸಿಳಿದು ಬರುತ್ತಾರೆ. ಮನೆಯಲ್ಲಿ ಯಾರೂ ಇಲ್ಲ. ಬಾಗಿಲ ಮೇಲೆ ಸುಣ್ಣದಲ್ಲಿ ಆ ಬರಹವಿದೆ. ದೆವ್ವ ಎಂದೆಂದಿಗೂ ಬಾರದಂತೆ ಏನು ಬರೆಯಬೇಕೆಂಬುದೇ ಕಡೆಯ ಒಗಟು. ನಾನು ಯೋಚಿಸಿದ್ದ ಉತ್ತರ: 'ನಿನ್ನೆ ಬಾ'. ಈ ಉಪಾಯಕ್ಕೆ ನಾನೇ ಮನಸ್ಸಿನಲ್ಲಿ ಬಹಳ ಹಿಗ್ಗಿದ್ದೆನೆಂದು ಒಪ್ಪಿಕೊಳ್ಳಬೇಕು.

ಮೊದಲ ತೊಡಕು ಭಾಷೆಯದು. ಹಳೆಯ ಆಂಗ್ಲ ಆಟಗಳಲ್ಲಿ ಆಡುವವರು ಆಜ್ಞೆಯನ್ನು ಬೆರಳಚ್ಚಿನಲ್ಲಿ ಬರೆಯಬೇಕು. ಅಲ್ಲಿ ಕ್ರಿಯಾಪದ ಮೊದಲು, ವಸ್ತುವಿನ ಹೆಸರು ಆಮೇಲೆ. ಎರಡು ಪದ ಹಿಡಿದರೆ ಯಂತ್ರಕ್ಕೆ ಅರ್ಥವಾದಂತೆಯೇ. ಕನ್ನಡದಲ್ಲಿ ಕ್ರಿಯಾಪದ ಕಡೆಗೆ ಬರುತ್ತದೆ, ನಾಮಪದಕ್ಕೆ ವಿಭಕ್ತಿ ಹತ್ತುತ್ತದೆ. 'ಬಾಗಿಲನ್ನು ತೆರೆ', 'ಬಾಗಿಲು ತೆಗೆಯಿರಿ', 'ಬಾಗ್ಲಾ ತಗಿ', 'ಕದಾ ತಗಿ' ಇವೆಲ್ಲ ಒಂದೇ ಕೆಲಸ; ಯಂತ್ರಕ್ಕೆ ಮಾತ್ರ ನಾಲ್ಕು. ಮನೆಯಲ್ಲಿ ಮರಾಠಿ, ಕೊಂಕಣಿ, ಉರ್ದು ಆಡಿ ಶಾಲೆಯಲ್ಲಿ ಕನ್ನಡ ಕಲಿತವರು ನಮ್ಮಲ್ಲಿ ಹಲವರು; ಅವರು ಬರೆಯುವ ಬಗೆ ಇನ್ನೂ ಬೇರೆ. ಆದ್ದರಿಂದ ಆಜ್ಞೆಯನ್ನು ಬರೆಸುವ ಆಸೆ ಬಿಟ್ಟು, ಆಯ್ಕೆಗಳನ್ನು ಮುಟ್ಟಿ ನಡೆಯುವ ಬಗೆಯನ್ನು ಹಿಡಿದೆ. ಇದಕ್ಕೆ ನೆರವಾದದ್ದು ಕ್ರಿಸ್ ಕ್ಲಿಮಸ್ ಎಂಬಾತ 2009ರಲ್ಲಿ ಹೊರತಂದ 'ಟ್ವೈನ್' ಎಂಬ ಉಚಿತ ಸಾಧನ. ಕಥೆಯ ಒಂದೊಂದು ತುಣುಕಿಗೂ ಒಂದೊಂದು ಚೌಕ. ಮುಂದಿನ ತುಣುಕಿನ ಹೆಸರನ್ನು ಜೋಡಿ ಚೌಕ ಕಂಸಗಳಲ್ಲಿ ಬರೆದರೆ ಅಲ್ಲಿಗೆ ಬಾಣ ತಾನಾಗಿ ಎಳೆದುಕೊಳ್ಳುತ್ತದೆ. ಕಡೆಗೆ ಇಡೀ ಆಟ ಒಂದೇ ಕಡತವಾಗಿ, ಜಾಲದ ಸಂಪರ್ಕವಿಲ್ಲದೆಯೂ ಯಾವ ಮೊಬೈಲಿನಲ್ಲಾದರೂ ತೆರೆಯುತ್ತದೆ.

ನನ್ನಲ್ಲಿ ಗಣಕಯಂತ್ರವಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಕತ್ತರಿಸಿ, ಹಿಂಬದಿಯಲ್ಲಿ 34 ತುಣುಕುಗಳನ್ನು ಬರೆದು, ಅವುಗಳನ್ನು ನೆಲದ ಮೇಲೆ ಹರಡಿ ನಡುವೆ ದಾರ ಎಳೆದೆ. ಆಡುವವರು ಆಯ್ಕೆ ಹೇಳಿದಂತೆ ಚೀಟಿ ಎತ್ತಿ ಕೊಡುವ ಯಂತ್ರ ನಾನೇ. ತಪ್ಪುಗಳು ಬಹುಮಟ್ಟಿಗೆ ಕಾಗದದ ಮೇಲೆಯೇ ಸಿಕ್ಕವು. ಆಮೇಲೆ ಗೆಳತಿಯೊಬ್ಬಳ ಲ್ಯಾಪ್‌ಟಾಪಿನಲ್ಲಿ ಟ್ವೈನಿಗೆ ಏರಿಸಿದೆ.

ಆಡಿಸಿ ನೋಡುವುದಕ್ಕೆ ಒಂದೇ ನಿಯಮ: ಕಟ್ಟಿದವರು ಮಾತಾಡಕೂಡದು. ಸುಮ್ಮನೆ ಕುಳಿತು, ಆಡುವವರು ಎಲ್ಲಿ ನಿಂತರು, ಎಲ್ಲಿ ನಕ್ಕರು, ಯಾವ ತುಣುಕನ್ನು ಓದದೆ ಹಾರಿಸಿದರು ಎಂಬುದನ್ನು ಬರೆದುಕೊಳ್ಳಬೇಕು. ವಿಕ್ರಮನ ಕಷ್ಟ ನನಗೆ ಅರ್ಥವಾದದ್ದು ಆಗ. ಉತ್ತರ ಗೊತ್ತು, ಹೇಳದಿದ್ದರೆ ತಲೆ ಸಿಡಿಯುವಂತಾಗುತ್ತದೆ, ಹೇಳಿದರೆ ಪರೀಕ್ಷೆ ಹಾರಿ ಮರಕ್ಕೆ ಹೋಗುತ್ತದೆ. ಎರಡನೆಯ ಮಾತು ಇನ್ನೂ ಕಠಿಣ: ಆಡಿದವರು ತಪ್ಪಿದರೆ ಆ ತಪ್ಪು ಕಟ್ಟಿದವರದು.

ಮೊದಲು ಆಡಿದವನು ಪೇಟೆಯಲ್ಲಿ ಬೆಳೆದ ಸಹಪಾಠಿ. ಕಂದೀಲು ಹಿಡಿದು ಅರ್ಧ ಗಂಟೆ ಕತ್ತಲಲ್ಲಿಯೇ ತಿರುಗಿದ. ಕಡ್ಡಿಪೆಟ್ಟಿಗೆ ಒಲೆಯ ಪಕ್ಕದ ಗೂಡಿನಲ್ಲಿರುತ್ತದೆಂಬುದು ಯಾರಿಗೆ ತಿಳಿಯದು ಎಂದುಕೊಂಡಿದ್ದೆ. ಅವನ ಮನೆಯಲ್ಲಿ ಅಂಥ ಒಲೆಯೂ ಇಲ್ಲ, ಗೂಡೂ ಇಲ್ಲ. ನನ್ನ ಮನೆಯ ಜ್ಞಾನವನ್ನು ಲೋಕಜ್ಞಾನವೆಂದು ತಿಳಿದದ್ದು ನನ್ನ ತಪ್ಪು. ಒಗಟಿಗೆ ಬೇಕಾದ ಸುಳಿವು ಒಗಟಿಗಿಂತ ಮೊದಲೇ ಆಟದೊಳಗೆ ಸಿಕ್ಕಿರಬೇಕು. ಇನ್ನೊಂದು ಸಂಗತಿಯನ್ನೂ ಅವನಿಂದ ಕಲಿತೆ. ನಾನು ಶ್ರಮಪಟ್ಟು ಬರೆದ ರಕ್ತ, ಚೀತ್ಕಾರ, ಕೆಂಗಣ್ಣುಗಳಿಗೆ ಅವನು ನಕ್ಕ. "ಮನೆಯಲ್ಲಿ ಯಾರೂ ಇಲ್ಲ. ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿದೆ" ಎಂಬ ಸಾದಾ ಮಾತಿಗೆ ಮಾತ್ರ ಬೆರಳು ನಿಲ್ಲಿಸಿ ನನ್ನ ಮುಖ ನೋಡಿದ. ಭಯವಿರುವುದು ಹೇಳಿದ ಮಾತಿನಲ್ಲಲ್ಲ, ಓದುವವರು ತಾವೇ ತುಂಬಿಕೊಳ್ಳುವ ಬಿಡುವಿನಲ್ಲಿ. ಅಂದೇ ರಕ್ತವನ್ನೆಲ್ಲ ತೆಗೆದು ಹಾಕಿದೆ.

ಎರಡನೆಯ ಪರೀಕ್ಷೆಯನ್ನು ಬರೆಯಲು ನನಗೆ ಸಂಕೋಚವಿದೆ, ಆದರೂ ಬರೆಯಬೇಕು. ಕಾಡಿನೊಳಗಿಂದ ರಾತ್ರಿ ಒಂದು ಚರ್ಮವಾದ್ಯದ ಸದ್ದು ಬರುತ್ತದೆ, ಕೇಳಿದವರು ಓಡಬೇಕು ಎಂದು ಒಂದು ತುಣುಕು ಬರೆದಿದ್ದೆ. ಆಡುತ್ತಿದ್ದವಳು ಸಿದ್ದಿ ಸಮಾಜದ ಗೆಳತಿ. ಶತಮಾನಗಳ ಹಿಂದೆ ಆಫ್ರಿಕದಿಂದ ಗೋವೆಯ ಪೋರ್ತುಗೀಸರೂ ಇತರರೂ ಗುಲಾಮರನ್ನಾಗಿ ತಂದ ಜನರ ಸಂತತಿಯವರು ಸಿದ್ದಿಗಳು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ ಕಾಡುಗಳಲ್ಲಿ ನೆಲೆನಿಂತವರು. 2003ರಲ್ಲಿ ನಮ್ಮ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅವಳು ಚೀಟಿಯನ್ನು ಕೆಳಗಿಟ್ಟು, "ಇದು ನಮ್ಮ ಡಮಾಮ ಅಲ್ಲೇನ? ಹಬ್ಬದಾಗ, ಮದುವ್ಯಾಗ ಬಾರಸ್ತೇವಿ. ನಿನ್ನ ಆಟದಾಗ ಅದನ್ನ ಕೇಳಿದವರು ಓಡಬೇಕೇನ?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಚಿಕ್ಕಂದಿನಿಂದ ಒಂದೇ ಬಸ್ಸಿನಲ್ಲಿ ಬಂದವಳು ಅವಳು. ಕತ್ತಲೆಗೊಂದು ಗುರುತು ಬೇಕಾದಾಗ ಅವಳ ಮನೆಯ ಹಬ್ಬವನ್ನೇ ತೆಗೆದುಕೊಂಡಿದ್ದೆ! ಆ ತುಣುಕನ್ನು ತಿರುಗಿಸಿ ಬರೆದೆ. ಈಗ ಸದ್ದಿಗೆ ಹೆದರಿ ಓಡಿದವರಿಗೆ ದಾರಿ ತಪ್ಪುತ್ತದೆ. ಸದ್ದಿನ ಕಡೆಗೆ ನಡೆದವರಿಗೆ ದೀಪ, ಜನ, ಊಟ ಸಿಗುತ್ತವೆ. ಒಗಟಾಗಿಯೂ ಅದು ಮೊದಲಿಗಿಂತ ಉತ್ತಮವಾಯಿತು.

ಮೂರನೆಯ ಪರೀಕ್ಷಕಿ ನಮ್ಮ ಅಜ್ಜಿ. ಮನೆಯಲ್ಲಿ ಆಯಿ ಎನ್ನುತ್ತೇವೆ. ಆಕೆಗೆ ಅಕ್ಷರ ಬಾರದು. ನಾನು ಓದುತ್ತ ಹೋದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಆಯಿಗೆ ಕಂದೀಲು ಹಚ್ಚಲು ಒಂದು ಕ್ಷಣವೂ ಬೇಕಾಗಲಿಲ್ಲ. ಕಡೆಯ ಒಗಟಿಗೆ ಬಂದಾಗ ಆಕೆ ತಡೆದು ಕೇಳಿದಳು:

"ದೆವ್ವಕ್ಕ ಓದಾಕ ಬರತೈತೇನ?"

"ಹೂಂ ಆಯಿ."

"ನೋಡ ಮತ್ತ. ಸತ್ತಾಕಿಗೆ ಬರತೈತಿ, ಬದುಕಿದಾಕಿ ನನಗ ಬರಂಗಿಲ್ಲ." ಆಯಿ ನಕ್ಕಳು. ನನಗೆ ನಗಲಾಗಲಿಲ್ಲ. ಸ್ವಲ್ಪ ತಡೆದು ಮತ್ತೆ ಅಂದಳು: "ಬಾಗಲಾ ಬಡದಾಕಿ ಯಾರು, ಏನ ಬೇಕಾಗಿತ್ತು ಅಂತ ಕೇಳೂದ ಬಿಟ್ಟು ಮ್ಯಾಲ ಮ್ಯಾಲ ಯಾಕ ಬರೀತಿ?"

ನನ್ನ 34 ತುಣುಕುಗಳಲ್ಲಿ ಆ ಆಯ್ಕೆ ಒಂದರಲ್ಲಿಯೂ ಇರಲಿಲ್ಲ. 'ನಾಳೆ ಬಾ' ಎಂದು ಬರೆದವರಾಗಲಿ, 'ನಿನ್ನೆ ಬಾ' ಎಂದು ಜಾಣತನ ಮಾಡಿದ ನಾನಾಗಲಿ ಹೊರಗೆ ನಿಂತವಳನ್ನು ಒಂದು ಮಾತು ಕೇಳಿರಲಿಲ್ಲ.

ಎರಡು ವಾರ ಕುಳಿತು ಕಡೆಯ ಭಾಗವನ್ನು ಹೊಸದಾಗಿ ಕಟ್ಟಿದೆ. ಈಗಿನ ಆಟದಲ್ಲಿ ದೆವ್ವ ದಿನವೂ ಬರುವುದು ಬರಹಕ್ಕೆ ಮೋಸಹೋಗಿ ಅಲ್ಲ. ಬರಹವನ್ನು ಓದಲು ಬಾರದೆ. ಅವಳ ಸೆರಗಿನಲ್ಲಿ ಒಂದು ಹಳೆಯ ಕಾಗದವಿದೆ. ಬದುಕಿದ್ದಾಗ ಯಾರೂ ಅದನ್ನು ಓದಿ ಹೇಳಲಿಲ್ಲ. ಓದಿಸಿಕೊಳ್ಳಲೆಂದು ಮನೆಮನೆಯ ಬಾಗಿಲು ಬಡಿಯುತ್ತಾಳೆ. ಬಾಗಿಲ ಮೇಲೆ ಏನು ಬರೆದರೂ ಅವಳು ಹೋಗುವುದಿಲ್ಲ, 'ಯಾರು?' ಎಂದು ಕೇಳಿದರೆ ಮಾತ್ರ ಕಾಗದ ಚಾಚುತ್ತಾಳೆ. ಅಲ್ಲಲ್ಲಿ ಮಾಸಿದ ಪದಗಳನ್ನು, ದಾರಿಯಲ್ಲಿ ಸಿಕ್ಕ ಸುಳಿವುಗಳಿಂದ ತುಂಬಿ ಓದಿ ಹೇಳುವುದೇ ಈಗಿನ ಒಗಟು.

ಇದನ್ನು ಓದಿ ಹೇಳಿದ ರಾತ್ರಿ ಆಯಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, ತನ್ನ ತವರಿನಿಂದ ಬರುತ್ತಿದ್ದ ಕಾಗದಗಳನ್ನು ಹಿಂದೆ ಅಂಚೆಯವನೇ ಕಟ್ಟೆಯ ಮೇಲೆ ನಿಂತು ಓದಿ ಹೇಳುತ್ತಿದ್ದನೆಂದಳು. "ಅಂವ ಓದಿದ್ದಷ್ಟ ನನಗ ಗೊತ್ತು. ಬಿಟ್ಟಿದ್ದು ಏನಿತ್ತೋ."

ಸಹಪಾಠಿಗಳಲ್ಲಿ ಆಸಕ್ತಿಯುಳ್ಳವರು ಇಂಥ ಆಟವನ್ನು ತಾವೂ ಕಟ್ಟಿ ನೋಡಬೇಕೆಂದು ನನ್ನ ಬಿನ್ನಹ. ಕಾಗದ, ದಾರ, ಕತ್ತರಿ ಸಾಕು. ಯಂತ್ರ ಆಮೇಲೆ ಬರಲಿ. ಕಟ್ಟಿದ ಮೇಲೆ ನಿಮ್ಮಂತೆ ಯೋಚಿಸುವವರಿಗಿಂತ ಮೊದಲು, ನಿಮ್ಮಂತಲ್ಲದವರ ಕೈಗೆ ಕೊಡಿ. ಕೊಟ್ಟು, ಬಾಯಿ ಮುಚ್ಚಿ ಕುಳಿತುಕೊಳ್ಳಿ. ನನ್ನ ಆಟದ ಕಡತ ಗೆಳತಿಯರ ಮೊಬೈಲುಗಳಲ್ಲಿ ಓಡಾಡುತ್ತಿದೆ. ಆಡಿ ನೋಡಿದವರು ತಪ್ಪುಗಳನ್ನು ದಯವಿಟ್ಟು ನನಗೆ ತಿಳಿಸಬೇಕು. ಅವು ನನ್ನವೇ.