ಗುದನಾಳದ ಕ್ಯಾನ್ಸರ್: ಎಂಆರ್‌ಐ ಅಳೆಯುವ ಒಂದು ಮಿಲಿಮೀಟರ್

ದೊಡ್ಡ ಕರುಳಿನ ಕೊನೆಯ ಸುಮಾರು 15 ಸೆಂಟಿಮೀಟರ್ ಭಾಗವೇ ಗುದನಾಳ. ಅದರ ಸುತ್ತ ಕೊಬ್ಬು, ಕೊಬ್ಬಿನ ಸುತ್ತ ತೆಳುವಾದ ಪೊರೆ. ಕರುಳಿನ ಗೋಡೆಯನ್ನು ದಾಟಿದ ಕ್ಯಾನ್ಸರ್ ಮೊದಲು ಇಳಿಯುವುದು ಈ ಕೊಬ್ಬಿಗೆ. ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನ ಶಸ್ತ್ರವೈದ್ಯ ಬಿಲ್ ಹೀಲ್ಡ್ 1982ರಲ್ಲಿ ವಿವರಿಸಿದ ವಿಧಾನದಲ್ಲಿ ಗುದನಾಳವನ್ನು ಕೊಬ್ಬು, ಪೊರೆಗಳ ಸಮೇತ ಹರಿಯದಂತೆ ತೆಗೆಯುತ್ತಾರೆ. ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದರೆ ರೋಗ ಅಲ್ಲೇ ಮರುಕಳಿಸುವ ಸಾಧ್ಯತೆ ಬಹಳ ಹೆಚ್ಚು ಎಂಬುದನ್ನು ಲೀಡ್ಸ್‌ನ ಫಿಲ್ ಕ್ವಿರ್ಕ್ ಮತ್ತು ಸಂಗಡಿಗರು 1986ರಲ್ಲಿ ತೋರಿಸಿದರು. ಗೆಡ್ಡೆ ಪೊರೆಗೆ ಎಷ್ಟು ಹತ್ತಿರವಿದೆ ಎಂಬುದು ಕತ್ತಿ ಹಿಡಿಯುವ ಮುನ್ನವೇ ಗೊತ್ತಾಗಬೇಕು. ಸಿಟಿ ಸ್ಕ್ಯಾನ್ ಇದನ್ನು ಅಷ್ಟು ಸ್ಪಷ್ಟವಾಗಿ ಹೇಳಲಾರದು; ಎಂಆರ್‌ಐ ಹೇಳಬಲ್ಲದು.

ಎಂಆರ್‌ಐ ಯಂತ್ರದಲ್ಲಿ ಎಕ್ಸ್‌ರೇ ಇಲ್ಲ. 1.5 ಟೆಸ್ಲಾ ಕಾಂತಕ್ಷೇತ್ರದಲ್ಲಿ ದೇಹದ ನೀರು, ಕೊಬ್ಬುಗಳಲ್ಲಿರುವ ಹೈಡ್ರೋಜನ್ ಪರಮಾಣುಗಳ ನ್ಯೂಕ್ಲಿಯಸ್‌ಗಳು ಸೆಕೆಂಡಿಗೆ ಸುಮಾರು 6.4 ಕೋಟಿ ಬಾರಿ ಕಂಪಿಸುವ ರೇಡಿಯೋ ತರಂಗಕ್ಕೆ ಸ್ಪಂದಿಸುತ್ತವೆ. ತರಂಗ ನಿಂತ ಮೇಲೆ ಅವು ಹಿಂದಿರುಗಿಸುವ ಸಂಕೇತ ಒಂದೊಂದು ಅಂಗಾಂಶದಲ್ಲಿ ಒಂದೊಂದು ವೇಗದಲ್ಲಿ ಕ್ಷೀಣಿಸುತ್ತದೆ. ಈ ವ್ಯತ್ಯಾಸವೇ ಚಿತ್ರವಾಗುತ್ತದೆ: ಕೊಬ್ಬು ಬೆಳ್ಳಗೆ, ಸ್ನಾಯು ಕಪ್ಪಗೆ, ಗೆಡ್ಡೆ ಬೂದು, ಪೊರೆ ಸಣ್ಣದೊಂದು ಕಪ್ಪು ಗೆರೆ. ಇಲ್ಲಿ ತಂತ್ರಜ್ಞರ ಎಚ್ಚರಿಕೆ ಬಹಳ ಮುಖ್ಯ. ಸುಮಾರು 3 ಮಿಲಿಮೀಟರ್ ದಪ್ಪದ ಪದರಗಳನ್ನು ಗೆಡ್ಡೆಯಿರುವ ಭಾಗಕ್ಕೆ ಸರಿಯಾಗಿ ಅಡ್ಡಲಾಗಿ ತೆಗೆಯಬೇಕು. ಕೋನ ತಪ್ಪಿದರೆ ಕರುಳಿನ ಗೋಡೆ ಮಸುಕಾಗಿ, ಗೆಡ್ಡೆ ಇಲ್ಲದ ಕಡೆಗೂ ಹರಡಿದಂತೆ ಕಾಣಬಹುದು.

ನಾಲ್ಕು ಯುರೋಪಿಯನ್ ದೇಶಗಳಲ್ಲಿ 408 ರೋಗಿಗಳ ಮೇಲೆ ನಡೆದ 'ಮರ್ಕ್ಯುರಿ' ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯ ಅಂಚು ಶುದ್ಧವಾಗಿರುತ್ತದೆಯೇ ಎಂಬುದನ್ನು ಎಂಆರ್‌ಐ ಮುಂಚಿತವಾಗಿ ವಿಶ್ವಾಸಾರ್ಹವಾಗಿ ಹೇಳಬಲ್ಲದು ಎಂದು ಅದು ತೋರಿಸಿತು. ಗೆಡ್ಡೆಗೂ ಪೊರೆಗೂ 1 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಅಂತರವಿದ್ದರೆ ಸಾಮಾನ್ಯವಾಗಿ ಮೊದಲು ವಿಕಿರಣ, ಕೀಮೋಥೆರಪಿ ನೀಡಿ ಗೆಡ್ಡೆಯನ್ನು ಕುಗ್ಗಿಸುತ್ತಾರೆ. ಅಂತರ ಸಾಕಷ್ಟಿದ್ದು ಬೇರೆ ಅಪಾಯದ ಗುರುತುಗಳಿಲ್ಲದಿದ್ದರೆ ನೇರ ಶಸ್ತ್ರಚಿಕಿತ್ಸೆ ಸಾಧ್ಯ. ಕರುಳು, ಮೂತ್ರಕೋಶ, ಸಂತಾನಶಕ್ತಿಗಳಿಗೆ ತೊಂದರೆ ಕೊಡಬಲ್ಲ ವಿಕಿರಣದಿಂದ ರೋಗಿಯನ್ನು ಉಳಿಸುವುದೂ ಎಂಆರ್‌ಐನ ದೊಡ್ಡ ಉಪಕಾರವೇ. ಗೆಡ್ಡೆ ರಕ್ತನಾಳಕ್ಕೆ ನುಗ್ಗಿದೆಯೇ, ಗುದದ್ವಾರದ ಸ್ನಾಯುವನ್ನು ಮುಟ್ಟಿದೆಯೇ ಎಂಬುದೂ ಇದರಲ್ಲೇ ತಿಳಿಯುತ್ತದೆ.

ವಿಕಿರಣ, ಕೀಮೋ ಮುಗಿದ ಮೇಲೆ ಮತ್ತೆ ಎಂಆರ್‌ಐ ಮಾಡುತ್ತಾರೆ. ಗೆಡ್ಡೆ ಕರಗಿದ ಕಡೆ ಕಪ್ಪು ಕಲೆಯಷ್ಟೇ ಉಳಿಯಬಹುದು. ಎಂಡೋಸ್ಕೋಪಿ ಮತ್ತು ಬೆರಳಿನ ಪರೀಕ್ಷೆಯಲ್ಲೂ ಏನೂ ಸಿಗದಿದ್ದರೆ, ಆಯ್ದ ಕೆಲವರಲ್ಲಿ ಶಸ್ತ್ರಚಿಕಿತ್ಸೆಯನ್ನು ಕೈಬಿಟ್ಟು ಬಿಗಿಯಾದ ನಿಗಾ ಇಡುವ ಪದ್ಧತಿಯಿದೆ. ಇದಕ್ಕೆ ದಾರಿ ತೋರಿದವರು ಬ್ರೆಜಿಲ್‌ನ ಸಾವೊ ಪಾವ್ಲೊದ ವೈದ್ಯೆ ಆಂಜೆಲಿತಾ ಹಾಬ್ರ್-ಗಾಮಾ.

ದುಗ್ಧಗ್ರಂಥಿಯ ಗಾತ್ರವೊಂದನ್ನೇ ನೋಡಿ ಅಲ್ಲಿ ಕ್ಯಾನ್ಸರ್ ಇದೆಯೇ ಎಂದು ಹೇಳುವುದು ಎಂಆರ್‌ಐಗೂ ಕಷ್ಟ. ಸದಾ ಚಲಿಸುವ ಮೇಲಿನ ಕರುಳಿಗೆ ಸಿಟಿಯೇ ರೂಢಿ. ಯಕೃತ್ತಿಗೆ ಹರಡಿದ ಸಣ್ಣ ಗಂಟುಗಳನ್ನು ಹುಡುಕುವಾಗ ಎಂಆರ್‌ಐ ಮತ್ತೆ ಮುಂದಾಗುತ್ತದೆ.

ಇಷ್ಟೆಲ್ಲ ನೆರವಾಗುವುದು ರೋಗ ಪತ್ತೆಯಾದ ಮೇಲೆ. ಪತ್ತೆಯಾಗುವುದು ಕೊಲೊನೋಸ್ಕೋಪಿ ಮತ್ತು ಬಯಾಪ್ಸಿಯಿಂದ. ಮಲದಲ್ಲಿ ರಕ್ತ ಕಂಡಾಗ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ ತಿಂಗಳುಗಟ್ಟಲೆ ಮದ್ದು ಮಾಡಿಕೊಳ್ಳದೆ, ವೈದ್ಯರಲ್ಲಿಗೆ ಹೋಗಿ ಪರೀಕ್ಷಿಸಿಕೊಳ್ಳಬೇಕು.