ಡಬಲ್ ಪ್ರಮೋಷನ್ ಕೇಳುವ ಮುನ್ನ

1983ರ ಜುಲೈ 16ರಂದು ಆಸ್ಟ್ರೇಲಿಯಾದ ಅಡಿಲೇಡ್‌ನ ಒಂದು ಮನೆಗೆ ಗಣಿತ ಶಿಕ್ಷಣ ತಜ್ಞ ಕೆನ್ ಕ್ಲೆಮೆಂಟ್ಸ್ ಹೋದರು. ಹುಡುಗನೊಬ್ಬ ಕೋಣೆಯ ಮೂಲೆಯಲ್ಲಿ ಕೂತು ರಟ್ಟು ಹೊದಿಕೆಯ ಪುಸ್ತಕ ಓದುತ್ತಿದ್ದ. ಪುಸ್ತಕದ ಹೆಸರು ‘ಕ್ಯಾಲ್ಕುಲಸ್’. ಅವನಿಗೆ ಎಂಟು ತುಂಬಲು ಇನ್ನೂ ಒಂದು ದಿನವಿತ್ತು. ಕ್ಲೆಮೆಂಟ್ಸ್ 60 ಪ್ರಶ್ನೆಗಳ ಪರೀಕ್ಷೆ ಕೊಟ್ಟರು. 60ಕ್ಕೆ 60 ಬಂತು.

ಆ ಹುಡುಗ ಟೆರೆನ್ಸ್ ಟಾವ್. 2006ರಲ್ಲಿ ಗಣಿತದ ಫೀಲ್ಡ್ಸ್ ಪದಕ ಪಡೆದವನು. ಅವನ ಪದಕಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಅವನ ತಂದೆ ತಾಯಿ ಮೊದಲು ಎಡವಿದ ರೀತಿ. ಮೂರೂವರೆ ವರ್ಷಕ್ಕೇ ಅವನನ್ನು ಶಾಲೆಗೆ ಸೇರಿಸಿದ್ದರು. ಪಾಠ ಅವನಿಗೆ ಸುಲಭವಾಗಿತ್ತು. ಆದರೆ ತನಗಿಂತ ದೊಡ್ಡ ಮಕ್ಕಳ ನಡುವೆ ದಿನವಿಡೀ ಕೂರುವುದು ಆಗಲಿಲ್ಲ. ಕೆಲವೇ ವಾರಗಳಲ್ಲಿ ಬಿಡಿಸಿದರು. ಐದು ತುಂಬಿದ ಮೇಲೆ ಮತ್ತೆ ಶಾಲೆಗೆ ಕಳಿಸಿದರು; ಈ ಸಲ ಮುಖ್ಯೋಪಾಧ್ಯಾಯರ ಜೊತೆ ಕೂತು ಮಾತಾಡಿ, ವಿಷಯಕ್ಕೊಂದು ವೇಗ ಗೊತ್ತುಮಾಡಿಕೊಂಡು. ಏಳನೆಯ ವಯಸ್ಸಿನ ಹೊತ್ತಿಗೆ ಅವನು ಗಣಿತಕ್ಕೆ ಹೈಸ್ಕೂಲಿಗೆ ಹೋಗಿ, ಉಳಿದ ಪಾಠಕ್ಕೆ ಪ್ರಾಥಮಿಕ ಶಾಲೆಗೆ ಮರಳುತ್ತಿದ್ದ.

ಹಿಂದೆ ನಮ್ಮಲ್ಲೂ ಚುರುಕಾದ ಮಕ್ಕಳಿಗೆ ಹೆಡ್‌ಮಾಸ್ಟರು ಡಬಲ್ ಪ್ರಮೋಷನ್ ಕೊಟ್ಟು ಒಂದು ತರಗತಿ ದಾಟಿಸುತ್ತಿದ್ದರು. ಅಲ್ಲಿ ಇಡೀ ಮಗು ಒಂದೇ ಸಲ ಮೇಲೇರಬೇಕಿತ್ತು, ಅಕ್ಷರ ದುಂಡಗಾಗಿರಲಿ ಬಿಡಲಿ.

ಯಾವ ವಿಷಯದಲ್ಲಿ ಎಷ್ಟು ಮುಂದೆ ಎಂದು ತಿಳಿಯುವುದು ಹೇಗೆ? ತರಗತಿಯ ಪರೀಕ್ಷೆಯಲ್ಲಿ ಇಬ್ಬರಿಗೆ ನೂರಕ್ಕೆ ನೂರು ಬಂತೆನ್ನೋಣ. ಒಬ್ಬಳು ಆ ವರ್ಷದ ಪಾಠವನ್ನು ಚೆನ್ನಾಗಿ ಕಲಿತಿದ್ದಾಳೆ. ಇನ್ನೊಬ್ಬಳು ಅದನ್ನು ಮೂರು ವರ್ಷದ ಹಿಂದೆಯೇ ಮುಗಿಸಿದ್ದಾಳೆ. ಅಂಕಪಟ್ಟಿಯಲ್ಲಿ ಇಬ್ಬರೂ ಒಂದೇ, ಏಕೆಂದರೆ ಅಳತೆಗೋಲು ನೂರಕ್ಕೇ ಮುಗಿದುಹೋಗಿದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜೂಲಿಯನ್ ಸ್ಟ್ಯಾನ್ಲಿ ಇದಕ್ಕೆ ಉದ್ದನೆಯ ಕೋಲು ಹಿಡಿದರು. ಕಾಲೇಜು ಪ್ರವೇಶಕ್ಕೆಂದು ಹದಿನೇಳು ಹದಿನೆಂಟರವರು ಬರೆಯುವ ಎಸ್‌ಎಟಿ ಪರೀಕ್ಷೆಯನ್ನು ಹನ್ನೆರಡು ಹದಿಮೂರರ ಮಕ್ಕಳಿಗೆ ಕೊಟ್ಟರು. ಒಂದೇ ಎತ್ತರ ಅನ್ನಿಸಿದ್ದವರ ನಡುವೆ ದೊಡ್ಡ ಅಂತರ ಕಂಡಿತು. 1971ರಲ್ಲಿ ಅವರು ಆರಂಭಿಸಿದ ಅಧ್ಯಯನ ಆ ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿತು. ಟಾವ್ ಎಂಟನೆಯ ವಯಸ್ಸಿನಲ್ಲಿ ಅದೇ ಪರೀಕ್ಷೆಯ ಗಣಿತದಲ್ಲಿ 800ಕ್ಕೆ 760 ಪಡೆದಿದ್ದ.

ಶಾಲೆಗೆ ಹೋಗುವ ಪೋಷಕರ ಕೈಯಲ್ಲಿ ಇರಬೇಕಾದ್ದು ಇಂಥದೇ ಪುರಾವೆ. ‘ನಮ್ಮ ಮಗು ತುಂಬಾ ಜಾಣೆ’ ಎಂಬ ಮಾತನ್ನು ಶಿಕ್ಷಕರು ವಾರಕ್ಕೆ ಹತ್ತು ಸಲ ಕೇಳಿರುತ್ತಾರೆ. ಮುಂದಿನ ತರಗತಿಯ ವರ್ಷಾಂತ್ಯದ ಪ್ರಶ್ನೆಪತ್ರಿಕೆಯನ್ನು ಶಾಲೆಯಲ್ಲೇ, ಶಿಕ್ಷಕರ ಎದುರಿಗೇ ಬರೆಸಿ ಎಂದು ಕೇಳಿ. ಒಂದೇ ವಿಷಯಕ್ಕೆ, ಆರು ವಾರದ ಮಟ್ಟಿಗೆ ಪ್ರಯತ್ನಿಸೋಣ, ಹೊಂದದಿದ್ದರೆ ಮರಳೋಣ ಎನ್ನಿ. ಮತ್ತು ಮಗುವನ್ನು ಕೇಳಿ. ಅದಕ್ಕೆ ಇಷ್ಟವಿಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಬೇಕು.

‘ಒಂಟಿಯಾಗಿಬಿಡುತ್ತೆ, ಆಮೇಲೆ ಮನಸ್ಸು ಕೆಡುತ್ತೆ’ ಎಂಬ ಭಯ ಶಿಕ್ಷಕರಿಗೂ ಇದೆ, ಅಜ್ಜಿಯಂದಿರಿಗೂ ಇದೆ. ಸ್ಟ್ಯಾನ್ಲಿಯವರ ಅಧ್ಯಯನದ ಮಕ್ಕಳು ಐವತ್ತರ ಹತ್ತಿರ ಬಂದಾಗ ಸಂಶೋಧಕರು ಅವರ ಮಾನಸಿಕ ನೆಮ್ಮದಿಯನ್ನು ಅಳೆದು 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೇಗ ಮುಂದೆ ಹೋದದ್ದರಿಂದ ಕೇಡಾದ ಗುರುತು ಸಿಗಲಿಲ್ಲ. ಇದು ಸರಾಸರಿಯ ಮಾತು. ಒಂದೊಂದು ಮಗುವಿನ ವಿಚಾರದಲ್ಲೂ ಗಮನ ಬೇಕೇ ಬೇಕು. ಆದರೆ ಗೊತ್ತಿರುವ ಪಾಠವನ್ನೇ ಕೇಳುತ್ತ ವರ್ಷಗಟ್ಟಲೆ ಕಿಟಕಿಯಾಚೆ ನೋಡುವ ಮಗುವಿಗೆ ಆಗುವ ನಷ್ಟವನ್ನೂ ಯಾರಾದರೂ ಲೆಕ್ಕ ಹಿಡಿಯಬೇಕಲ್ಲವೇ?

ಟಾವ್ ಒಂಬತ್ತಕ್ಕೇ ವಿಶ್ವವಿದ್ಯಾಲಯದ ಗಣಿತ ತರಗತಿಗಳಿಗೆ ಹೋಗತೊಡಗಿದ. ಪೂರ್ಣಾವಧಿಗೆ ಸೇರಿಸುವ ಮಾತು ಬಂದಾಗ ಮಕ್ಕಳ ವೈದ್ಯರಾಗಿದ್ದ ಅವನ ತಂದೆ ಒಪ್ಪಲಿಲ್ಲ. ಅತಿ ಕಿರಿಯ ಪದವೀಧರ ಎನ್ನಿಸಿಕೊಳ್ಳುವುದು ಅವರಿಗೆ ಬೇಕಿರಲಿಲ್ಲ. ಬುಡ ಅಗಲವಾಗಲಿ ಎಂದರು. ಹುಡುಗ ಹದಿನಾಲ್ಕರ ಹತ್ತಿರದವರೆಗೂ ಹೈಸ್ಕೂಲಿನಲ್ಲೇ ಉಳಿದು ಬೇರೆ ವಿಷಯಗಳನ್ನೂ ಓದಿದ.